ಮೂಳೆಯೊಳಗಿನ ಕಣಜ

ಬಯಲುಸೀಮೆಯ ಹಳೆಯ ಮನೆಗಳಲ್ಲಿ ಧಾನ್ಯ ಕೂಡಿಡಲು ನೆಲದೊಳಗೆ ಹಗೇವು ಇರುತ್ತಿತ್ತು. ಒಲೆ ಉರಿಯುತ್ತಿರುವ ತನಕ ಆ ಮನೆಯಲ್ಲಿ ಕೊರತೆಯುಂಟೆಂದು ನೆರೆಯವರು ಎಣಿಸುತ್ತಿರಲಿಲ್ಲ. ಹಗೇವಿನ ತಳ ಕಂಡಿದೆಯೇ ಇಲ್ಲವೇ ಎಂಬುದು ಬಾಯಿಕಲ್ಲು ಸರಿಸಿ ಒಳಗಿಳಿದವನಿಗೆ ಮಾತ್ರ ಗೊತ್ತು. ಮನುಷ್ಯ ದೇಹದ ಕಬ್ಬಿಣದ ಲೆಕ್ಕವೂ ಹೀಗೆಯೇ.

ವಯಸ್ಕನ ದೇಹದಲ್ಲಿರುವ ಕಬ್ಬಿಣವೆಲ್ಲ ಸೇರಿ 3ರಿಂದ 4 ಗ್ರಾಂ. ಒಂದು ಮೊಳೆಯ ತೂಕ. ಅದರ ಮೂರರಲ್ಲಿ ಎರಡು ಪಾಲು ರಕ್ತದ ಹಿಮೋಗ್ಲೋಬಿನ್ನಿನಲ್ಲಿ ದುಡಿಯುತ್ತಿರುತ್ತದೆ. ಉಳಿದುದರಲ್ಲಿ ಬಹುಭಾಗ ಯಕೃತ್ತು, ಗುಲ್ಮ, ಅಸ್ಥಿಮಜ್ಜೆಗಳಲ್ಲಿ ಆಪತ್ಕಾಲಕ್ಕೆಂದು ಕೂಡಿಟ್ಟ ಧನ. ಗಂಡಸಿನಲ್ಲಿ ಈ ಧನ 1 ಗ್ರಾಮಿನವರೆಗೂ ಇರಬಹುದು. ತಿಂಗಳು ತಿಂಗಳೂ ರಕ್ತ ಕಳೆದುಕೊಳ್ಳುವ ಹೆಂಗಸಿನಲ್ಲಿ ಅದು ಸುಮಾರು 300 ಮಿಲಿಗ್ರಾಂ, ಎಷ್ಟೋ ಸಲ ಅದಕ್ಕೂ ಕಡಮೆ. ಆದರೆ ಒಂದು ಬಸಿರಿಗೆ ಬೇಕಾಗುವ ಕಬ್ಬಿಣ ಸುಮಾರು 1000 ಮಿಲಿಗ್ರಾಂ! ಊಟದಿಂದ ದಿನವೊಂದಕ್ಕೆ ಸಾಮಾನ್ಯವಾಗಿ ದಕ್ಕುವುದು ಒಂದೆರಡು ಮಿಲಿಗ್ರಾಂ ಮಾತ್ರ. ವರಮಾನ ಅಲ್ಪ, ವೆಚ್ಚ ಹಿರಿದು.

ಕಣಜ ಕರಗುತ್ತಿರುವಾಗ ರಕ್ತವು ಅದನ್ನು ಕೂಡಲೇ ಸಾರುವುದಿಲ್ಲ. ಮೊದಲು ಸಂಗ್ರಹ ಬರಿದಾಗುತ್ತದೆ. ಹಿಮೋಗ್ಲೋಬಿನ್ ಇಳಿಯುವುದು ಆಮೇಲೆ. ಇದಕ್ಕೆ ವಿರುದ್ಧವಾದ ವಿಚಿತ್ರವೂ ಉಂಟು. ಕ್ಷಯ, ಸಂಧಿವಾತಗಳಂಥ ದೀರ್ಘರೋಗಗಳಲ್ಲಿ ರೋಗಿ ಬಿಳಿಚಿಕೊಂಡಿದ್ದರೂ ಒಳಗಿನ ಹಗೇವು ತುಂಬಿರಬಹುದು; ಆದರೆ ಅದಕ್ಕೆ ಬೀಗ ಬಿದ್ದಿರುತ್ತದೆ. ಯಕೃತ್ತಿನಿಂದ ಹೊರಡುವ ಹೆಪ್ಸಿಡಿನ್ ಎಂಬ ವಸ್ತುವೇ ಈ ಬೀಗದ ಯಜಮಾನನೆಂಬುದು ತಿಳಿದದ್ದು 2000ದ ಆಚೆಗೆ. ಬರಿದಾದ ಮನೆ, ಬೀಗ ಬಿದ್ದ ಮನೆ ಇವೆರಡೂ ಹೊರಗಿನಿಂದ ಒಂದೇ ತೆರನಾಗಿ ತೋರುತ್ತವೆ. ಮೊದಲನೆಯದಕ್ಕೆ ಕಬ್ಬಿಣದ ಮಾತ್ರೆಯೇ ಸಂಜೀವಿನಿ. ಎರಡನೆಯದಕ್ಕೆ ಅದರಿಂದ ಫಲವಿಲ್ಲವೆಂದೇ ಹೇಳಬೇಕು.

ಇಂಥ ಸಂದೇಹವನ್ನು ತೀರಿಸುವುದೇ ಮಜ್ಜೆಯ ಪರೀಕ್ಷೆ. 1927ರಲ್ಲಿ ರಷ್ಯದ ವೈದ್ಯ ಅರಿಂಕಿನ್ ಎದೆಮೂಳೆಗೆ ಸೂಜಿಯಿಳಿಸಿ ಮಜ್ಜೆಯನ್ನು ಎಳೆದು ತೆಗೆಯುವ ಸುಲಭಮಾರ್ಗ ತೋರಿದನು. ಇಂದು ಹೆಚ್ಚಾಗಿ ಆರಿಸುವುದು ಸೊಂಟದ ಹಿಂಬದಿಯ ಮೂಳೆಯನ್ನು. ಮದ್ದು ಚುಚ್ಚಿ ಆ ಜಾಗವನ್ನು ಮರಗಟ್ಟಿಸಿ ಸೂಜಿಯನ್ನು ಒಳಗಿಳಿಸುತ್ತಾರೆ. ಪಿಚಕಾರಿಯಿಂದ ಎಳೆಯುವ ಕ್ಷಣದಲ್ಲಿ ಮಾತ್ರ ಸೆಳೆತದಂಥ ನೋವು. ಬಂದ ರಕ್ತದಲ್ಲಿ ರವೆಯಂಥ ಮಜ್ಜೆಯ ಕಣಗಳಿರುತ್ತವೆ. ಅವನ್ನು ಗಾಜಿನ ಮೇಲೆ ಸವರಿ, ಪೊಟ್ಯಾಸಿಯಂ ಫೆರೊಸಯನೈಡನ್ನೂ ಹೈಡ್ರೋಕ್ಲೋರಿಕ್ ಆಮ್ಲವನ್ನೂ ಬೆರೆಸಿ ಎರೆದರೆ, ಕೂಡಿಟ್ಟ ಕಬ್ಬಿಣವೆಲ್ಲ ನೀಲಿಯಾಗಿ ಮೂಡುತ್ತದೆ. ಹದಿನೆಂಟನೆಯ ಶತಮಾನದ ಮೊದಲಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿ ಚಿತ್ರಗಾರರ ಕೈಸೇರಿದ ಪ್ರಷ್ಯನ್ ನೀಲಿಯೇ ಇದು. ಈ ಕ್ರಿಯೆಯನ್ನು 1867ರಲ್ಲಿ ದೇಹದ ಅಂಗಾಂಶಗಳಿಗೆ ಅನ್ವಯಿಸಿದವನು ಜರ್ಮನಿಯ ಮ್ಯಾಕ್ಸ್ ಪರ್ಲ್ಸ್.

ಸೂಕ್ಷ್ಮದರ್ಶಕದ ಕೆಳಗೆ ಆಗ ಕಾಣುವ ನೋಟಗಳು ಮುಖ್ಯವಾಗಿ ಮೂರು. ನೀಲಿಯ ಸುಳಿವೇ ಇಲ್ಲದಿದ್ದರೆ ಕಣಜ ಬರಿದು. ಸಂಗ್ರಾಹಕ ಕೋಶಗಳಲ್ಲಿ ನೀಲಿ ತುಂಬಿದ್ದು, ಕೆಂಪುಕಣವಾಗಬೇಕಾದ ಎಳೆಯ ಕೋಶಗಳಲ್ಲಿ ಅದು ಕಾಣದಿದ್ದರೆ ಬೀಗ ಬಿದ್ದಿದೆ. ಎಳೆಯ ಕೋಶದ ನಡುವಣ ಬೀಜದ ಸುತ್ತ ನೀಲಿಯ ಚುಕ್ಕೆಗಳು ಬಳೆಯಂತೆ ಕೂಡಿದ್ದರೆ, ಕಬ್ಬಿಣ ಕೈಸೇರಿದರೂ ಬಳಸಲರಿಯದ ಬೇರೊಂದು ರೋಗ. ಮಜ್ಜೆಯ ಕಣಗಳು ಸಾಕಷ್ಟು ಸಿಕ್ಕದಿದ್ದಾಗ ‘ಬರಿದು’ ಎಂದು ತೀರ್ಪು ಕೊಡಲಾಗದು. ಮೊದಲೇ ಕಬ್ಬಿಣದ ಚುಚ್ಚುಮದ್ದು ಪಡೆದವರಲ್ಲಿ ನೀಲಿಯನ್ನು ಕಂಡು ಮೋಸಹೋಗಲೂಬಾರದು. ಅದೆಲ್ಲವೂ ಬಳಕೆಗೆ ಒದಗುವ ಕಬ್ಬಿಣವಾಗಿರದು.

1972ರಲ್ಲಿ ಕಾರ್ಡಿಫ್‌ನ ಸಂಶೋಧಕರು ರಕ್ತರಸದಲ್ಲಿ ಫೆರಿಟಿನ್ ಎಂಬ ಪ್ರೋಟೀನನ್ನು ಅಳೆಯುವ ವಿಧಾನವನ್ನು ಪ್ರಕಟಿಸಿದ ಮೇಲೆ ಬಹುಮಂದಿಗೆ ಮೂಳೆ ಚುಚ್ಚಿಸಿಕೊಳ್ಳುವ ಕಷ್ಟ ತಪ್ಪಿತು. ಆರೋಗ್ಯವಂತ ವಯಸ್ಕರಲ್ಲಿ ಅದು ಲೀಟರಿಗೆ 15 ಮೈಕ್ರೋಗ್ರಾಮಿಗಿಂತ ಕಡಮೆಯಾದರೆ ಸಂಗ್ರಹ ತೀರಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ಆದರೆ ಸೋಂಕು, ಉರಿಯೂತಗಳಿದ್ದಾಗ ಫೆರಿಟಿನ್ ತಾನಾಗಿ ಏರುತ್ತದೆ. ಬರಿದಾದ ಕಣಜವೂ ತುಂಬಿದಂತೆ ತೋರೀತು. ಅಂಥ ಗೊಂದಲ ಬೇರಾವುದರಿಂದಲೂ ಬಗೆಹರಿಯದಾಗ ಮಜ್ಜೆಯ ಸಾಕ್ಷಿ ಇಂದಿಗೂ ಬೇಕಾಗುತ್ತದೆ.

ಕಣಜ ಬರಿದೆಂದು ತಿಳಿದಲ್ಲಿಗೆ ಕೆಲಸ ಮುಗಿಯಲಿಲ್ಲ. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣವಿರುತ್ತದೆ. ದಿನಕ್ಕೆ ಎರಡು ಚಮಚೆಯಷ್ಟು ರಕ್ತ ಕಣ್ಣಿಗೆ ಕಾಣದೆ ಹೊಟ್ಟೆಯೊಳಗೆ ಸೋರಿದರೆ ಸುಮಾರು 5 ಮಿಲಿಗ್ರಾಂ ಹೋಯಿತು. ನಿತ್ಯದ ಊಟ ಅದನ್ನು ತುಂಬಿಕೊಡಲಾರದು. ಐವತ್ತು ದಾಟಿದ ಗಂಡಸಿನ ಮಜ್ಜೆಯಲ್ಲಿ ನೀಲಿ ಇಲ್ಲವಾದರೆ ಅದರ ಹಿಂದೆ ಜಠರದ ಹುಣ್ಣೋ, ಕೊಕ್ಕೆಹುಳುವೋ, ಕರುಳಿನ ಗಂತಿಯೋ ಅಡಗಿರಬಹುದು. ಮಾತ್ರೆ ನುಂಗಿ ರಕ್ತ ಏರಿತೆಂದು ನೆಮ್ಮದಿಯಿಂದ ಕುಳಿತವನು, ಇಲಿಯ ಬಿಲ ಮುಚ್ಚದೆ ಹಗೇವಿಗೆ ಧಾನ್ಯ ಸುರಿದ ಗೃಹಸ್ಥನಂತೆ. ಧಾನ್ಯವನ್ನು ಸುರಿಯಲೇಬೇಕು, ಬಿಲವನ್ನು ಹುಡುಕುವುದು ಅದಕ್ಕಿಂತಲೂ ಅವಶ್ಯ.