ಹಂಡೆಯ ಜಾಗಕ್ಕೆ ಯಾವ ಗೀಸರ್?

ಮಂಡಿ ಮೊಹಲ್ಲಾದ ಹಳೆಯ ಹಂಚಿನ ಮನೆಗಳ ಬಚ್ಚಲಲ್ಲಿ ಒಂದು ಕಾಲಕ್ಕೆ ತಾಮ್ರದ ಹಂಡೆಯೇ ಯಜಮಾನ. ಬೆಳಗಿನ ಜಾವ ಒಲೆಗೆ ಸೌದೆಯೋ ತೆಂಗಿನ ಗರಿಯೋ ಒಡ್ಡಿದರೆ ಮನೆಮಂದಿಯೆಲ್ಲ ಸರದಿಯಂತೆ ಮೀಯುವವರೆಗೂ ನೀರು ಕಾದೇ ಇರುತ್ತಿತ್ತು. ಈಗ ಮನೆಗಳು ಪಾಲಾಗಿವೆ, ಬಚ್ಚಲು ಕಿರಿದಾಗಿದೆ. ಹಂಡೆ ಅಟ್ಟ ಸೇರಿ ಗೋಡೆಗೆ ಗೀಸರ್ ಬಂದಿದೆ. ಕೊಳ್ಳಲು ಹೊರಟವರನ್ನು ಕಾಡುವ ಪ್ರಶ್ನೆ ಒಂದೇ: ನೀರು ತುಂಬಿಟ್ಟು ಕಾಯಿಸುವ ಟ್ಯಾಂಕ್ ಗೀಸರೋ, ನಲ್ಲಿ ತಿರುಗಿಸಿದೊಡನೆ ಬಿಸಿನೀರು ಸುರಿಸುವ ಇನ್‌ಸ್ಟಂಟ್ ಗೀಸರೋ?

ಟ್ಯಾಂಕ್ ಇಲ್ಲದ್ದು ಕರೆಂಟು ಉಳಿಸುತ್ತದೆ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಇದು ಅರ್ಧ ನಿಜ. ಒಂದು ಲೀಟರ್ ನೀರಿನ ಉಷ್ಣತೆಯನ್ನು 1 ಡಿಗ್ರಿ ಸೆಲ್ಸಿಯಸ್ ಏರಿಸಲು ಸುಮಾರು 4.2 ಕಿಲೊಜೌಲ್ ಶಕ್ತಿ ಬೇಕು. ಯಾವ ಯಂತ್ರವೂ ಇದರಲ್ಲಿ ಚೌಕಾಶಿ ಮಾಡಲಾರದು. 20 ಡಿಗ್ರಿಯ 20 ಲೀಟರ್ ನೀರನ್ನು 40 ಡಿಗ್ರಿಗೆ ತರಲು 1,680 ಕಿಲೊಜೌಲ್, ಅಂದರೆ ಅರ್ಧ ಯೂನಿಟ್ಟಿಗೆ ಸ್ವಲ್ಪ ಕಡಿಮೆ. ನಾಲ್ವರ ಮನೆಗೆ ತಿಂಗಳಿಗೆ ಸುಮಾರು 56 ಯೂನಿಟ್. ಗೃಹಜ್ಯೋತಿಯ 200 ಯೂನಿಟ್ಟಿನ ಮಿತಿಯೊಳಗಿರುವ ಮನೆಗೂ ಇದು ಸಣ್ಣ ಪಾಲಲ್ಲ.

ವ್ಯತ್ಯಾಸವಿರುವುದು ಬಳಸದೆ ಉಳಿದ ನೀರಿನಲ್ಲಿ. ಟ್ಯಾಂಕಿನಲ್ಲಿ ನಿಂತ ಬಿಸಿನೀರು ನಿಧಾನವಾಗಿ ಆರುತ್ತದೆ. ಸ್ವಿಚ್ ಆರಿಸದಿದ್ದರೆ ಗೀಸರ್ ಅದನ್ನೇ ಮತ್ತೆ ಮತ್ತೆ ಕಾಯಿಸುತ್ತದೆ. ಸ್ನಾನಕ್ಕೆ ಮುಂಚೆ ಹಾಕಿ, ಸ್ನಾನವಾದೊಡನೆ ಆರಿಸುವ ಮನೆಯಲ್ಲಿ ಈ ನಷ್ಟ ಅಲ್ಪ.

ಇನ್ನು ವೇಗದ ಮಾತು. ಇನ್‌ಸ್ಟಂಟ್ ಗೀಸರುಗಳು ಸಾಮಾನ್ಯವಾಗಿ 3 ಕಿಲೊವ್ಯಾಟಿನವು. ಅಷ್ಟು ಶಕ್ತಿಗೆ ಒಂದು ಲೀಟರನ್ನು 20 ಡಿಗ್ರಿ ಏರಿಸಲು 28 ಸೆಕೆಂಡು ಹಿಡಿಯುತ್ತದೆ. 20 ಲೀಟರಿನ ಬಕೆಟ್ ತುಂಬಲು ಒಂಬತ್ತು ನಿಮಿಷಕ್ಕೂ ಹೆಚ್ಚು! ನಲ್ಲಿಯನ್ನು ಜೋರಾಗಿ ಬಿಟ್ಟರೆ ಬರುವುದು ಉಗುರುಬೆಚ್ಚಗಿನ ನೀರು. 2 ಕಿಲೊವ್ಯಾಟಿನ 15 ಲೀಟರ್ ಟ್ಯಾಂಕ್ 21 ನಿಮಿಷದಲ್ಲಿ ನೀರನ್ನು 60 ಡಿಗ್ರಿಗೆ ಏರಿಸುತ್ತದೆ. ಅಷ್ಟೇ ತಣ್ಣೀರು ಬೆರೆಸಿದರೆ 30 ಲೀಟರ್ ಹದವಾದ ನೀರು ಸಿದ್ಧ.

ವೈರಿಂಗನ್ನೂ ಮರೆಯುವಂತಿಲ್ಲ. 3 ಕಿಲೊವ್ಯಾಟಿಗೆ 13 ಆಂಪಿಯರ್ ವಿದ್ಯುತ್ ಹರಿಯಬೇಕು. 2 ಕಿಲೊವ್ಯಾಟಿಗೆ ಒಂಬತ್ತರೊಳಗೆ ಸಾಕು. ದೀಪ, ಫ್ಯಾನಿಗೆಂದು ಎಳೆದ ಹಳೆಯ ತಂತಿಗೆ ಎರಡೂ ಭಾರವೇ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ತಂತಿಗೂ ಸಲ್ಲುವ ಗಾದೆ. ಗೀಸರಿಗೆ ಪ್ರತ್ಯೇಕ ದಪ್ಪ ತಂತಿ, 16 ಆಂಪಿಯರ್ ಪಾಯಿಂಟ್, ಸರಿಯಾದ ಅರ್ಥಿಂಗ್ ಇರಲೇಬೇಕು.

ಈ ತೊಡಕು ತಪ್ಪಿಸಲು ಹಲವರು ಗ್ಯಾಸ್ ಗೀಸರ್ ತರುತ್ತಾರೆ. ನಿಮಿಷಕ್ಕೆ 6 ಲೀಟರ್ ಬಿಸಿನೀರು; ವೇಗದಲ್ಲಿ ಅದೇ ಮುಂದು. ಆದರೆ ಅದು ಹತ್ತು ನಿಮಿಷ ಉರಿಯಲು ಸುಮಾರು 2 ಘನ ಮೀಟರ್ ಗಾಳಿ ಬೇಕು. 4 ಅಡಿ ಅಗಲ, 5 ಅಡಿ ಉದ್ದ, 8 ಅಡಿ ಎತ್ತರದ ಬಚ್ಚಲಲ್ಲಿರುವ ಗಾಳಿಯೇ ನಾಲ್ಕೂವರೆ ಘನ ಮೀಟರ್. ಬಾಗಿಲು ಹಾಕಿಕೊಂಡರೆ ಆಮ್ಲಜನಕ ಕುಗ್ಗಿ, ಅನಿಲ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಸಿಲಿಂಡರಿನ ಅನಿಲಕ್ಕೆ ಬೆರೆಸಿದ ವಾಸನೆ ಇರುತ್ತದೆ. ಈ ವಿಷಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಬಂದಾಗಲೇ ಹೊರಬರದಿದ್ದರೆ ಕೈಕಾಲು ಸೋತು ಚಿಲಕ ತೆಗೆಯಲೂ ಆಗದು. ಹಾಗೆ ಬಿದ್ದವರನ್ನು ಕೂಡಲೇ ಬಯಲಿಗೆ ತಂದು 108ಕ್ಕೆ ಫೋನ್ ಮಾಡಬೇಕು.

ಒಟ್ಟಿನಲ್ಲಿ, ಒಬ್ಬರಾದ ಮೇಲೊಬ್ಬರು ಮೀಯುವ ಸಂಸಾರಕ್ಕೆ ಹೆಚ್ಚು ನಕ್ಷತ್ರದ ಗುರುತಿರುವ 15 ಅಥವಾ 25 ಲೀಟರಿನ ಟ್ಯಾಂಕ್ ಲೇಸು. ಅಡುಗೆಮನೆಗೆ, ಒಂಟಿಯಾಗಿರುವವರಿಗೆ ಇನ್‌ಸ್ಟಂಟ್ ಸಾಕು. ಗ್ಯಾಸ್ ಗೀಸರೇ ಬೇಕೆಂದರೆ ಅದರ ಜಾಗ ಬಚ್ಚಲಿನ ಹೊರಗೆ, ಗಾಳಿಯಾಡುವ ಹಿತ್ತಲಿನ ಗೋಡೆಯಲ್ಲಿ.

ಹಂಡೆ ಇದ್ದ ಬಚ್ಚಲಿಗೆ ಹಿರಿಯರು ಹೊಗೆ ಹೋಗಲೆಂದು ಒಂದು ಗವಾಕ್ಷಿ ಬಿಟ್ಟಿರುತ್ತಿದ್ದರು. ಹಂಡೆ ತೆಗೆದ ಮೇಲೆ ಹೊಗೆಯೇ ಇಲ್ಲವಲ್ಲ ಎಂದು ಅದನ್ನು ಮುಚ್ಚಿಸಿದವರಿದ್ದಾರೆ. ಯಾವ ಗೀಸರ್ ತಂದರೂ ಮೊದಲು ಆ ಗವಾಕ್ಷಿ ತೆರೆಯಲಿ.