ಮಂಗಳೂರಿನ ಕಡಲ ಕಿನಾರೆಗಳಿಗೆ ಉತ್ತರ ಭಾರತದ ಪ್ರವಾಸಿಗರನ್ನು ಬರಮಾಡಿಕೊಳ್ಳುವ ಕುರಿತು ಮನವಿ ಪತ್ರ

ಗೆ,
ಮಾನ್ಯ ಪ್ರವಾಸೋದ್ಯಮ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ಮೂಲಕ: ಮಾನ್ಯ ನಿವಾಸಿ ಆಯುಕ್ತರು, ಕರ್ನಾಟಕ ಭವನ, ಚಾಣಕ್ಯಪುರಿ, ನವದೆಹಲಿ

ಪ್ರತಿ: ಕರಾವಳಿ ಅಭಿವೃದ್ಧಿ ಮಂಡಳಿ, ಮಂಗಳೂರು, ಜಿಲ್ಲಾಧಿಕಾರಿಗಳು, ದಕ್ಷಿಣ ಕನ್ನಡ ಜಿಲ್ಲೆ

ವಿಷಯ: ನವೆಂಬರ್‌ನಿಂದ ಫೆಬ್ರುವರಿವರೆಗಿನ ಅವಧಿಯಲ್ಲಿ ದೆಹಲಿ ರಾಜಧಾನಿ ಪ್ರದೇಶದ ಕುಟುಂಬಗಳು ಮಂಗಳೂರಿನ ಬೀಚ್‌ಗಳಿಗೆ ಬರಲು ಅನುಕೂಲವಾಗುವಂತೆ ಸುರಕ್ಷತೆ, ಶುಚಿತ್ವ ಮತ್ತು ಸಂಪರ್ಕ ವ್ಯವಸ್ಥೆ ಕಲ್ಪಿಸುವ ಬಗ್ಗೆ.

ಮಾನ್ಯರೇ,

ದೆಹಲಿ, ನೋಯ್ಡಾ, ಗುರುಗ್ರಾಮ, ಗಾಜಿಯಾಬಾದ್ ಮತ್ತು ಫರಿದಾಬಾದ್‌ಗಳಲ್ಲಿ ಉದ್ಯೋಗ, ವ್ಯಾಪಾರ, ಓದಿನ ನಿಮಿತ್ತ ನೆಲೆಸಿರುವ ಕರಾವಳಿ ಮೂಲದ ಕನ್ನಡಿಗರಾದ ನಾವು ಈ ಮನವಿಯನ್ನು ತಮ್ಮ ಮುಂದಿಡುತ್ತಿದ್ದೇವೆ. ಇಲ್ಲಿನ ನಮ್ಮ ನೆರೆಹೊರೆಯವರು, ಸಹೋದ್ಯೋಗಿಗಳು ಕಡಲು ನೋಡಬೇಕೆಂದರೆ ಗೋವಾಕ್ಕೆ ಹೊರಡುತ್ತಾರೆ. ಮಂಗಳೂರು ಎಂದರೆ ಬಂದರು, ಬ್ಯಾಂಕು, ಕಾಲೇಜು ಎಂದಷ್ಟೇ ಗೊತ್ತು. ಅಲ್ಲಿ ಬೀಚ್ ಇದೆಯೇ ಎಂದು ಕೇಳುವವರೂ ಇದ್ದಾರೆ. ಪಣಂಬೂರು, ತಣ್ಣೀರುಬಾವಿ, ಸುರತ್ಕಲ್, ಸಸಿಹಿತ್ಲು, ಸೋಮೇಶ್ವರ, ಉಳ್ಳಾಲ ಇವೆಲ್ಲ ನಗರದಿಂದ ಒಂದು ಗಂಟೆಯೊಳಗಿನ ಹಾದಿಯಲ್ಲೇ ಇವೆ. ವಿಮಾನ ನಿಲ್ದಾಣವೂ ಹತ್ತಿರ, ಮೀನೂಟವೂ ಹತ್ತಿರ. ಇಷ್ಟಿದ್ದೂ ಜನ ಬರುತ್ತಿಲ್ಲ ಎಂದರೆ ಕೊರತೆ ಕಡಲಿನದಲ್ಲ, ವ್ಯವಸ್ಥೆಯದು ಎಂಬುದು ನಮ್ಮ ದೃಢ ಅಭಿಪ್ರಾಯ.

ಮೊದಲಿಗೆ ಕಾಲದ ವಿಚಾರ. ದೆಹಲಿಯ ಶಾಲೆಗಳ ಬೇಸಿಗೆ ರಜೆ ಮೇ ಎರಡನೇ ವಾರದ ಹೊತ್ತಿಗೆ ಆರಂಭವಾಗಿ ಜೂನ್ ಕೊನೆಯವರೆಗೆ ಇರುತ್ತದೆ. ಇಲ್ಲಿನವರು ರಜೆಗೆ ಊರು ಬಿಟ್ಟು ಹೊರಡುವ ಹೊತ್ತಿಗೆ ನಮ್ಮ ಕರಾವಳಿಯಲ್ಲಿ ಮುಂಗಾರು ಬಾಗಿಲಿಗೆ ಬಂದಿರುತ್ತದೆ. ಜೂನ್ 1ರಿಂದ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೇ ನಿಷೇಧ, ಕಡಲಿಗೆ ಇಳಿಯುವ ಮಾತೇ ಇಲ್ಲ. ಬೇಸಿಗೆ ರಜೆಯ ಪ್ರವಾಸಿಗರನ್ನು ನಂಬಿ ರೂಪಿಸಿದ ಯಾವ ಯೋಜನೆಯೂ ಉತ್ತರ ಭಾರತದವರ ಮಟ್ಟಿಗೆ ಕೈಗೂಡುವುದಿಲ್ಲ. ಮಲ್ಪೆಯಲ್ಲಿ 2022ರ ಮೇ ತಿಂಗಳಲ್ಲಿ ತೆರೆದ ತೇಲುವ ಸೇತುವೆ ಕೆಲವೇ ದಿನಗಳಲ್ಲಿ ಅಲೆಗಳ ಹೊಡೆತಕ್ಕೆ ಹಾನಿಗೊಂಡದ್ದನ್ನು ಕರಾವಳಿಯವರು ಮರೆತಿಲ್ಲ. ಮೇ ತಿಂಗಳು ಹೊಸದನ್ನು ತೆರೆಯುವ ಕಾಲವಲ್ಲ, ಇದ್ದದ್ದನ್ನು ದಡಕ್ಕೆ ಎಳೆದು ಕಟ್ಟಿಡುವ ಕಾಲ.

ದೆಹಲಿಯವರಿಗೆ ಊರು ಬಿಟ್ಟು ಹೋಗಬೇಕೆನಿಸುವ ಇನ್ನೊಂದು ಕಾಲವಿದೆ. ದೀಪಾವಳಿಯ ನಂತರ ಇಲ್ಲಿ ಹೊಗೆ ಕವಿಯುತ್ತದೆ. 2024ರ ನವೆಂಬರ್ 18ರಂದು ನಗರದ ವಾಯು ಗುಣಮಟ್ಟ ಸೂಚ್ಯಂಕ 490ನ್ನು ದಾಟಿತ್ತು, ಶಾಲೆಗಳ ತರಗತಿಗಳನ್ನು ಆನ್‌ಲೈನ್‌ಗೆ ಬದಲಾಯಿಸಬೇಕಾಯಿತು. ಮಕ್ಕಳಿಗೆ ನೆಬ್ಯುಲೈಸರ್ ಹಿಡಿಯುವುದು, ಕಿಟಕಿ ಸಂದಿಗೆ ಬಟ್ಟೆ ತುರುಕುವುದು ಇಲ್ಲಿನ ಮನೆಗಳಲ್ಲಿ ಈಗ ಮಾಮೂಲು. ಡಿಸೆಂಬರ್ ಕೊನೆಯಿಂದ ದಟ್ಟ ಮಂಜು. ಜನವರಿ ಮೊದಲ ಪಕ್ಷದಲ್ಲಿ ಶಾಲೆಗಳಿಗೆ ಚಳಿಗಾಲದ ರಜೆ. ಅದೇ ದಿನಗಳಲ್ಲಿ ಮಂಗಳೂರಿನಲ್ಲಿ ಹಗಲು 32–33 ಡಿಗ್ರಿ ಬಿಸಿಲು, ರಾತ್ರಿ ತಂಪು, ಕಡಲು ಮಳೆಗಾಲಕ್ಕಿಂತ ಎಷ್ಟೋ ಶಾಂತ. ದೆಹಲಿಗೆ ಉಸಿರು ಕಟ್ಟುವ ತಿಂಗಳುಗಳೇ ಕರಾವಳಿಯ ಅತ್ಯುತ್ತಮ ತಿಂಗಳುಗಳು. ಎರಡೂ ಕಡೆಯ ವರ್ಷವನ್ನು ಬದುಕಿ ಬಲ್ಲ ನಮಗೆ ಇದಕ್ಕಿಂತ ದೊಡ್ಡ ಅವಕಾಶ ಬೇರೆ ಕಾಣುತ್ತಿಲ್ಲ.

ಆದ್ದರಿಂದ ನಮ್ಮ ಮೂಲ ಬೇಡಿಕೆ ಇದು: ಪ್ರತಿವರ್ಷ ನವೆಂಬರ್ 1ರ ಹೊತ್ತಿಗೆ, ರಾಜ್ಯೋತ್ಸವದ ದಿನವೇ, ಮಂಗಳೂರಿನ ಬೀಚ್‌ಗಳು ಪೂರ್ಣ ಸಜ್ಜಾಗಿರಬೇಕು. ಜೀವರಕ್ಷಕರ ನೇಮಕ, ಶೌಚಾಲಯಗಳ ನಿರ್ವಹಣೆ, ಅಂಗಡಿಗಳ ಹರಾಜು, ಕಸ ವಿಲೇವಾರಿ ಇವುಗಳ ಟೆಂಡರ್ ಮಳೆಗಾಲದಲ್ಲೇ ಕರೆದು ಸೆಪ್ಟೆಂಬರ್ ಕೊನೆಗೆ ಕಾರ್ಯಾದೇಶ ಕೊಡಬೇಕು. ಡಿಸೆಂಬರ್‌ನಲ್ಲಿ ಕಡತ ಓಡಾಡುತ್ತಿದ್ದರೆ ಆ ವರ್ಷದ ಪ್ರವಾಸಿಗರು ಕೈತಪ್ಪಿದಂತೆಯೇ.

ಸುರಕ್ಷತೆಯ ವಿಷಯದಲ್ಲಿ ಸ್ವಲ್ಪ ವಿವರವಾಗಿ ಹೇಳಲು ಅನುಮತಿ ಕೋರುತ್ತೇವೆ. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಿಂದ ಪ್ರವಾಸ ಬಂದಿದ್ದ ನಾಲ್ವರು ಬಾಲಕಿಯರು ಮುರ್ಡೇಶ್ವರದಲ್ಲಿ ನೀರುಪಾಲಾದರು. ಕಡಲಿಲ್ಲದ ಜಿಲ್ಲೆಯ ಮಕ್ಕಳು ಅವರು. ದೆಹಲಿಯಿಂದ ಬರುವವರೂ ಅಂಥವರೇ. ಯಮುನೆಯ ಹೊರತು ಬೇರೆ ನೀರು ಕಾಣದವರು, ಈಜು ಬಾರದವರು. ನಮ್ಮ ಕಡಲಿನ ಸೆಳೆತ ಅವರಿಗೆ ಅರ್ಥವಾಗುವುದಿಲ್ಲ. ಅಲೆಯಾಗಿ ದಡಕ್ಕೆ ಬಂದ ನೀರು ಹಿಂದಿರುಗುವಾಗ ಎಲ್ಲೋ ಒಂದು ಕಡೆ ಕಿರಿದಾದ ಹರಿವಾಗಿ ರಭಸದಿಂದ ಒಳಗೆ ನುಗ್ಗುತ್ತದೆ. ಆ ಜಾಗದಲ್ಲಿ ಅಲೆ ಒಡೆಯುವುದಿಲ್ಲ, ನೊರೆ ಇರುವುದಿಲ್ಲ, ನೀರು ಸೌಮ್ಯವಾಗಿ ಕಾಣುತ್ತದೆ. ಹೊಸಬರು ಸುರಕ್ಷಿತವೆಂದು ಅಲ್ಲಿಯೇ ಇಳಿಯುತ್ತಾರೆ. ಸೆಳೆತಕ್ಕೆ ಸಿಕ್ಕವರು ದಡದ ಕಡೆಗೇ ಈಜಲು ಹೋಗಿ ಸೋಲುತ್ತಾರೆ. ಅಡ್ಡಕ್ಕೆ ಸರಿದರೆ ಹೊರಬರಬಹುದೆಂದು ಹೇಳುವವರು ಅಲ್ಲಿರಬೇಕು. ಸಸಿಹಿತ್ಲಿನ ಅಳಿವೆ, ಸೋಮೇಶ್ವರದ ಬಂಡೆಗಳ ಸುತ್ತಲಿನ ನೀರು ಊರವರಿಗೂ ಅಂಜಿಕೆ ಹುಟ್ಟಿಸುವಂಥವು.

"ನೀರಿಗೆ ಇಳಿಯಬಾರದು" ಎಂಬ ಬಣ್ಣ ಮಾಸಿದ ಫಲಕ ಇದಕ್ಕೆ ಪರಿಹಾರವಲ್ಲ. ಸಾವಿರಾರು ಕಿಲೋಮೀಟರ್ ದೂರದಿಂದ ಬಂದವರು ಇಳಿದೇ ಇಳಿಯುತ್ತಾರೆ. ಎಲ್ಲಿ ಇಳಿಯಬಹುದು ಎಂಬುದನ್ನು ತೋರಿಸಬೇಕು. ಪ್ರತಿ ಬೀಚ್‌ನಲ್ಲಿ ಬೆಳಿಗ್ಗೆ ನೀರಿನ ಸ್ಥಿತಿ ನೋಡಿ ಬಾವುಟ ನೆಟ್ಟು ಸ್ನಾನದ ವಲಯ ಗುರುತಿಸಬೇಕು, ಮಧ್ಯಾಹ್ನ ಮತ್ತೆ ಪರಿಶೀಲಿಸಬೇಕು. ಹೈದರಾಬಾದಿನ ಇನ್ಕಾಯ್ಸ್ ಸಂಸ್ಥೆ ಕೊಡುವ ಅಲೆಗಳ ಮುನ್ಸೂಚನೆಯನ್ನು ಕನ್ನಡ, ಹಿಂದಿ, ಇಂಗ್ಲಿಷ್‌ನಲ್ಲಿ ಅಲ್ಲಿಯೇ ಬರೆದು ಹಾಕಬೇಕು. ಗೋವಾ ಸರ್ಕಾರ 2008ರಿಂದ ತನ್ನ ಬೀಚ್‌ಗಳಿಗೆ ವೃತ್ತಿಪರ ಜೀವರಕ್ಷಕರ ವ್ಯವಸ್ಥೆ ಮಾಡಿಕೊಂಡಿದೆ. ನಮ್ಮಲ್ಲಿ ಅದಕ್ಕೆ ಬೇಕಾದ ಜನರನ್ನು ಹೊರಗೆ ಹುಡುಕಬೇಕಾಗಿಲ್ಲ. ಮೊಗವೀರ ಯುವಕರು ಹುಟ್ಟಿನಿಂದ ಈ ನೀರನ್ನು ಬಲ್ಲವರು. 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆದ ಸಸಿಹಿತ್ಲು ಮತ್ತು ಮೂಲ್ಕಿ ಪರಿಸರದಲ್ಲಿ ಅಲೆಯ ಮೇಲೆ ಹಲಗೆ ಏರಿ ಸಾಗುವ ಹುಡುಗರು ಬೆಳೆದಿದ್ದಾರೆ. ಅವರಿಗೆ ತರಬೇತಿ, ಪ್ರಮಾಣಪತ್ರ, ವಿಮೆ ಮತ್ತು ಹನ್ನೆರಡು ತಿಂಗಳ ಸಂಬಳ ಕೊಡಿ. ಸೀಸನ್ ಮುಗಿದ ಕೂಡಲೇ ಮನೆಗೆ ಕಳುಹಿಸುವ ಕೆಲಸಕ್ಕೆ ಒಳ್ಳೆಯ ಈಜುಗಾರರು ನಿಲ್ಲುವುದಿಲ್ಲ.

ಇನ್ನು ಶೌಚಾಲಯ. ನಮ್ಮಲ್ಲೊಬ್ಬರು ದೆಹಲಿಯ ತಮ್ಮ ಸ್ನೇಹಿತರ ಕುಟುಂಬವನ್ನು ಒಂದು ಬೀಚ್‌ಗೆ ಕರೆದೊಯ್ದಿದ್ದರು. ಕಡಲಾಟ ಮುಗಿಸಿ ಬಂದಾಗ ಶೌಚಾಲಯಕ್ಕೆ ಬೀಗ, ನಲ್ಲಿಯಲ್ಲಿ ನೀರಿಲ್ಲ. ತಾಯಿಯೊಬ್ಬರು ಬಾಡಿಗೆ ಕಾರಿನ ಎರಡು ಬಾಗಿಲು ತೆರೆದು, ನಡುವೆ ದುಪಟ್ಟಾ ಹಿಡಿದು, ಮೈಯೆಲ್ಲ ಮರಳಾದ ಹತ್ತು ವರ್ಷದ ಮಗಳಿಗೆ ಬಟ್ಟೆ ಬದಲಿಸಿದರು. ಕಾಲು ತೊಳೆಯಲು ಬಿಸ್ಲೇರಿ ಬಾಟಲಿ. ಆ ಕುಟುಂಬ ಮರುದಿನದ ಬೀಚ್ ಕಾರ್ಯಕ್ರಮ ಬಿಟ್ಟು ಮಾಲ್‌ಗೆ ಹೋಯಿತು. ಮನೆಯ ಹೆಣ್ಣುಮಕ್ಕಳು ಬೇಡವೆಂದರೆ ಆ ಊರಿಗೆ ಕುಟುಂಬ ಇನ್ನೊಮ್ಮೆ ಹೊರಡುವುದಿಲ್ಲ. ಸಿಹಿನೀರಿನ ಶವರ್, ಬಟ್ಟೆ ಬದಲಿಸುವ ಕೋಣೆ, ಸಂಜೆವರೆಗೂ ತೆರೆದಿರುವ ಶುಚಿಯಾದ ಶೌಚಾಲಯ, ಗಾಲಿಕುರ್ಚಿಗೆ ಮರದ ದಾರಿ ಇವು ಪ್ರತಿ ಬೀಚ್‌ಗೂ ಬೇಕು. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯೇ ಉಬ್ಬರದ ಗೆರೆಯಿಂದ ಹತ್ತು ಮೀಟರ್ ಬಿಟ್ಟು ಇಂಥ ತಾತ್ಕಾಲಿಕ ಸೌಕರ್ಯಗಳಿಗೆ ಅವಕಾಶ ಕೊಟ್ಟಿದೆ. 2020ರ ಅಕ್ಟೋಬರ್‌ನಲ್ಲಿ ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ಬೀಚ್‌ಗಳು 33 ಮಾನದಂಡಗಳ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದವು. ಪಕ್ಕದಲ್ಲೇ ಸಾಧ್ಯವಾದದ್ದು ಮಂಗಳೂರಿನ ಎಲ್ಲ ಬೀಚ್‌ಗಳಲ್ಲಿ ಸಾಧ್ಯವಾಗದಿರಲು ಕಾರಣವಿಲ್ಲ. ಕಡಲ ನೀರಿನ ಪರೀಕ್ಷಾ ಫಲಿತಾಂಶವನ್ನು ಹದಿನೈದು ದಿನಕ್ಕೊಮ್ಮೆ ಪ್ರಕಟಿಸಿ. ನದಿಯ ಮೂಲಕ ಕಡಲಿಗೆ ಕೊಳಚೆ ಸೇರುತ್ತಿದ್ದರೆ ಜನರಿಗೆ ಅದು ಗೊತ್ತಾಗಲಿ, ಸರಿಪಡಿಸುವ ಒತ್ತಡವೂ ಬರಲಿ.

ಈ ಎಲ್ಲದರಲ್ಲೂ ಮೀನುಗಾರರ ಹಕ್ಕು ಮೊದಲು. ಮರಳಿನ ಮೇಲೆ ದೋಣಿ ನಿಲ್ಲಿಸುವ, ಬಲೆ ಒಣಗಿಸುವ ಜಾಗವನ್ನು ರೆಸಾರ್ಟಿನ ಬೇಲಿ ನುಂಗಬಾರದು. ಹೊರಗಿನವರ ಕಣ್ಣಿಗೆ ಕರಾವಳಿಯಲ್ಲಿ ಅತಿ ಹೆಚ್ಚು ಮೆಚ್ಚುಗೆಯಾಗುವುದು ದಡದಿಂದ ಬಲೆ ಎಳೆಯುವ ಕೈರಂಪಣಿಯೇ. ಬೆಳಿಗ್ಗೆ ದೋಣಿ ಅರ್ಧ ಸುತ್ತು ಬಲೆ ಬಿಟ್ಟು ಬರುತ್ತದೆ. ಎರಡು ಸಾಲು ಜನ ಹಗ್ಗ ಹಿಡಿದು ಕೂಗಿಗೆ ಹೆಜ್ಜೆ ಹೊಂದಿಸುತ್ತ ಹಿಂದಕ್ಕೆ ಎಳೆಯುತ್ತಾರೆ. ಎರಡು ಸಾಲೂ ಹತ್ತಿರ ಬಂದಂತೆ ಬಲೆಯ ಬುಡದಲ್ಲಿ ಬೂತಾಯಿ, ಬಂಗುಡೆ ಫಳಫಳ ಹೊಳೆಯುತ್ತವೆ. ಹಗ್ಗಕ್ಕೆ ಕೈ ಹಾಕಿದ ದೆಹಲಿಯ ಹುಡುಗ ಆ ದಿನವನ್ನು ಯಾವ ವಾಟರ್ ಪಾರ್ಕಿನೊಡನೆಯೂ ಬದಲಿಸಿಕೊಳ್ಳುವುದಿಲ್ಲ. ಕೈರಂಪಣಿ ಗುಂಪುಗಳಿಗೆ ಒಪ್ಪಿಗೆಯಿದ್ದರೆ ಶುಲ್ಕ ನಿಗದಿಪಡಿಸಿ ಹಣ ನೇರವಾಗಿ ಅವರಿಗೇ ಸೇರುವಂತೆ ಮಾಡಿ. ತಿಂಡಿ ಅಂಗಡಿಗಳಲ್ಲಿ ಅರ್ಧದಷ್ಟನ್ನಾದರೂ ಆಯಾ ಊರಿನ ಮಹಿಳೆಯರ ಸ್ವಸಹಾಯ ಸಂಘಗಳಿಗೆ ಮೀಸಲಿಡಿ. ಪನೀರ್ ಟಿಕ್ಕಾ ದೆಹಲಿಯಲ್ಲಿ ಸಿಗುತ್ತದೆ, ನೀರ್‌ದೋಸೆ, ಬಂಗುಡೆ ಪುಳಿಮುಂಚಿ, ಗೋಲಿಬಜೆ ಅಲ್ಲಿಯೇ ಸಿಗಬೇಕು.

ಸೂರ್ಯಾಸ್ತದ ನಂತರ ಏನು ಮಾಡುವುದು ಎಂಬ ಪ್ರಶ್ನೆಗೆ ಇಲಾಖೆಯ ಬಳಿ ಉತ್ತರವಿಲ್ಲದಿದ್ದರೂ ಕರಾವಳಿಯ ಬಳಿ ಇದೆ. ಯಕ್ಷಗಾನ ಮೇಳಗಳು ನವೆಂಬರ್ ಹೊತ್ತಿಗೆ ಗೆಜ್ಜೆ ಕಟ್ಟಿದರೆ ಮಳೆಗಾಲಕ್ಕೆ ಮುಂಚಿನ ಪತ್ತನಾಜೆಯವರೆಗೆ ತಿರುಗಾಟದಲ್ಲಿರುತ್ತವೆ. ಕಂಬಳದ ಋತುವೂ ಇದೇ ತಿಂಗಳುಗಳಲ್ಲಿ. ಪ್ರತಿ ವಾರ ಎಲ್ಲಿ ಯಾವ ಆಟ, ಯಾವ ಕಂಬಳ ಎಂಬ ಪಟ್ಟಿಯನ್ನು ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಪ್ರಕಟಿಸಿ ಹೋಟೆಲ್‌ಗಳಿಗೆ ತಲುಪಿಸಿದರೆ ಸಾಕು, ಕೋಟಿ ಸುರಿಯಬೇಕಾಗಿಲ್ಲ. ಒಂದು ಎಚ್ಚರಿಕೆ ಮಾತ್ರ ಕೈಮುಗಿದು ಹೇಳುತ್ತೇವೆ. 'ಕಾಂತಾರ' ಸಿನಿಮಾ ಬಂದ ಮೇಲೆ ಇಲ್ಲಿಯೂ ಭೂತಕೋಲದ ಬಗ್ಗೆ ಕೇಳುವವರು ಹೆಚ್ಚಾಗಿದ್ದಾರೆ. ದೈವಾರಾಧನೆಯನ್ನು ಪ್ರವಾಸಿಗರಿಗಾಗಿ ವೇದಿಕೆಗೆ ತರಬೇಡಿ. ಅದು ನಂಬಿದವರ ಆರಾಧನೆ, ಮನರಂಜನೆಯಲ್ಲ. ಸಂಜೆ ಉಳಿಯುವವರಿಗಾಗಿ ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ಹೊಳೆ ದಾಟಿಸುವ ದೋಣಿ ಮತ್ತು ಬೀಚ್‌ಗಳಿಂದ ನಗರಕ್ಕೆ ಹಿಂದಿರುಗುವ ಬಸ್ಸುಗಳು ಸೀಸನ್‌ನಲ್ಲಿ ರಾತ್ರಿ ಊಟದ ಹೊತ್ತಿನವರೆಗೂ ಇರಲಿ.

ಹೇಳಲು ನೋವಾದರೂ ಹೇಳಲೇಬೇಕಾದ ಮಾತೊಂದಿದೆ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬೊಂದರಲ್ಲಿ ಯುವತಿಯರ ಮೇಲೆ ನಡೆದ ಹಲ್ಲೆಯ ದೃಶ್ಯಗಳನ್ನು ದೆಹಲಿಯ ವಾಹಿನಿಗಳು ದಿನಗಟ್ಟಲೆ ತೋರಿಸಿದವು. ಅಂದಿನಿಂದ ಇಲ್ಲಿ ಮಂಗಳೂರಿನ ಹೆಸರೆತ್ತಿದರೆ ಹಲವು ತಂದೆತಾಯಂದಿರು ಮೊದಲು ಅದನ್ನೇ ನೆನೆಯುತ್ತಾರೆ. ನಮ್ಮ ಊರು ಅಷ್ಟೇ ಅಲ್ಲ ಎಂದು ಹೇಳಿ ಹೇಳಿ ನಾವು ದಣಿದಿದ್ದೇವೆ. ಬೀಚ್‌ಗೆ ಬಂದವರ ಧರ್ಮ, ಉಡುಪು, ಜೊತೆಗಿರುವವರ ಬಗ್ಗೆ ಪ್ರಶ್ನಿಸುವ ಅಧಿಕಾರ ಯಾರಿಗೂ ಇಲ್ಲ. ಅಂಥ ಅನೈತಿಕ ಪೊಲೀಸ್‌ಗಿರಿ ನಡೆದಲ್ಲಿ ಆ ದಿನವೇ ಪ್ರಕರಣ ದಾಖಲಾಗಬೇಕು, ಬೀಚ್‌ಗಳಲ್ಲಿ ಮಹಿಳಾ ಪೊಲೀಸರೂ ಹಿಂದಿ ಬಲ್ಲ 'ಪ್ರವಾಸಿ ಮಿತ್ರ' ಸಿಬ್ಬಂದಿಯೂ ಇರಬೇಕು. ಈ ಭರವಸೆಯಿಲ್ಲದೆ ಉಳಿದ ಯಾವ ಬೇಡಿಕೆ ಈಡೇರಿದರೂ ಪ್ರಯೋಜನ ಕಡಿಮೆ.

ಸಂಪರ್ಕದ ಬಗ್ಗೆ ಸಂಕ್ಷಿಪ್ತವಾಗಿ. ನಿಜಾಮುದ್ದೀನ್‌ನಿಂದ ಹೊರಡುವ ಮಂಗಳಾ ಲಕ್ಷದ್ವೀಪ ಎಕ್ಸ್‌ಪ್ರೆಸ್‌ನಲ್ಲಿ ಮಂಗಳೂರು ಜಂಕ್ಷನ್ ತಲುಪಲು ಸುಮಾರು ನಲವತ್ತು ಗಂಟೆ ಬೇಕು, ರಜೆಯ ದಿನಗಳಲ್ಲಿ ಸೀಟು ಸಿಗುವುದು ಕಷ್ಟ. ಡಿಸೆಂಬರ್ ಮತ್ತು ಜನವರಿಯಲ್ಲಿ ವಿಶೇಷ ರೈಲು ಓಡಿಸಲು ರಾಜ್ಯ ಸರ್ಕಾರ ರೈಲ್ವೆ ಮಂಡಳಿಯನ್ನು ಲಿಖಿತವಾಗಿ ಕೋರಬೇಕು. ಮಂಗಳೂರು ದಕ್ಷಿಣ ರೈಲ್ವೆ, ನೈಋತ್ಯ ರೈಲ್ವೆ ಮತ್ತು ಕೊಂಕಣ ರೈಲ್ವೆಗಳ ನಡುವೆ ಹಂಚಿಹೋಗಿರುವುದರಿಂದ ಯಾರನ್ನು ಕೇಳಿದರೂ ಇನ್ನೊಬ್ಬರತ್ತ ಬೆರಳು ತೋರಿಸುತ್ತಾರೆ. ನೇರ ವಿಮಾನ ಸಂಪರ್ಕ ಚಳಿಗಾಲದ ವೇಳಾಪಟ್ಟಿಯಲ್ಲಿ ತಪ್ಪದೆ ಉಳಿಯುವಂತೆ, ಹೆಚ್ಚುವಂತೆ ವಿಮಾನ ಸಂಸ್ಥೆಗಳೊಡನೆ ಸರ್ಕಾರ ಮಾತುಕತೆ ನಡೆಸಬೇಕು.

ಕಡಲ್ಕೊರೆತ ಉಳ್ಳಾಲ, ಸೋಮೇಶ್ವರದ ಮನೆಗಳನ್ನೇ ನುಂಗಿರುವಾಗ ಮರಳಿನ ಮೇಲೆ ಕಾಂಕ್ರೀಟ್ ವಾಕ್‌ವೇ, ಭಾರಿ ಪ್ರತಿಮೆ, ಸ್ಥಿರ ಕಟ್ಟಡಗಳನ್ನು ನಾವು ಕೇಳುವುದಿಲ್ಲ, ಯಾರಾದರೂ ಕೇಳಿದರೂ ಕೊಡಬೇಡಿರೆಂದು ಬಿನ್ನಹ. ಪ್ರವಾಸಿಗರು ಬರುವುದು ಮರಳಿಗಾಗಿ.

ಪ್ರಚಾರ ಕೊನೆಯ ಹಂತದ ಕೆಲಸ. ಬೀಚ್ ಸಜ್ಜಾಗದೆ ಜಾಹೀರಾತು ಕೊಟ್ಟರೆ ಬಂದವರೇ ಅಪಪ್ರಚಾರ ಮಾಡುತ್ತಾರೆ. ಸಜ್ಜಾದ ಮೇಲೆ, ಪ್ರಗತಿ ಮೈದಾನದಲ್ಲಿ ಪ್ರತಿವರ್ಷ ನವೆಂಬರ್ 14ರಿಂದ 27ರವರೆಗೆ ನಡೆಯುವ ಭಾರತ ಅಂತರರಾಷ್ಟ್ರೀಯ ವ್ಯಾಪಾರ ಮೇಳಕ್ಕಿಂತ ಒಳ್ಳೆಯ ಜಾಗವಿಲ್ಲ. ಹೊಗೆ ತುಂಬಿದ ಆ ದಿನಗಳಲ್ಲಿ ಕರ್ನಾಟಕದ ಮಂಟಪದಲ್ಲಿ ಮಂಗಳೂರಿನ ಕಡಲಿನ ಮಳಿಗೆ ಇರಲಿ, ಅಲ್ಲಿಯೇ ಕೋಣೆ ಕಾಯ್ದಿರಿಸುವ ಸೌಲಭ್ಯವಿರಲಿ. ಫೆಬ್ರುವರಿಯ ಸೂರಜ್‌ಕುಂಡ್ ಮೇಳದಲ್ಲೂ ಇದನ್ನು ಮುಂದುವರಿಸಬಹುದು. ಹಿಂದಿಯಲ್ಲಿ ಮಾಹಿತಿ ಸಿದ್ಧಪಡಿಸುವುದಕ್ಕೂ, ಮಳಿಗೆಯಲ್ಲಿ ನಿಂತು ಜನರಿಗೆ ವಿವರಿಸುವುದಕ್ಕೂ ನಮ್ಮ ಕುಟುಂಬಗಳವರು ಸಂಭಾವನೆಯಿಲ್ಲದೆ ಬರಲು ಸಿದ್ಧರಿದ್ದಾರೆ.

ಟೆಂಡರ್ ಪ್ರಕ್ರಿಯೆ ಮಳೆಗಾಲದಲ್ಲೇ ಆರಂಭವಾಗಬೇಕಿರುವುದರಿಂದ ತಾವು ಮುಂದಿನ ಬಾರಿ ದೆಹಲಿಗೆ ಬಂದಾಗ ಕರ್ನಾಟಕ ಭವನದಲ್ಲಿ ನಮ್ಮ ಪ್ರತಿನಿಧಿಗಳಿಗೆ ಅರ್ಧ ಗಂಟೆ ಸಮಯ ನೀಡಬೇಕೆಂದೂ, ಬೀಚ್‌ವಾರು ಕ್ರಮದ ವಿವರವನ್ನು ಆಗಸ್ಟ್ ಅಂತ್ಯದೊಳಗೆ ಲಿಖಿತವಾಗಿ ತಿಳಿಸುವಂತೆ ಇಲಾಖೆಗೆ ಸೂಚಿಸಬೇಕೆಂದೂ ವಿನಂತಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ದೆಹಲಿ ರಾಜಧಾನಿ ಪ್ರದೇಶದಲ್ಲಿ ನೆಲೆಸಿರುವ ಕರಾವಳಿ ಕನ್ನಡಿಗರು
(ಸಹಿಗಳನ್ನು ಲಗತ್ತಿಸಿದೆ)
ಸ್ಥಳ: ನವದೆಹಲಿ