ಯುವ ಮಿತ್ರರೊಡನೆ: ಕೊನೆಯ ದೋಣಿ ತಪ್ಪಿದಾಗ



ಮೊನ್ನೆ ಸಂಘದ ಸಭೆ ಮುಗಿದು ಚಹಾ ಕುಡಿಯುತ್ತಿದ್ದಾಗ ನಮ್ಮ ಯುವ ವಿಭಾಗದ ಹುಡುಗರಿಬ್ಬರು ತಮ್ಮ ಸಾಹಸವೊಂದನ್ನು ನಗುನಗುತ್ತಾ ಹೇಳುತ್ತಿದ್ದರು. ಮನೋರಿಯಲ್ಲಿ ಗೆಳೆಯನೊಬ್ಬನ ಹುಟ್ಟುಹಬ್ಬ. ಊಟ, ಹಾಡು, ಕುಣಿತ ಮುಗಿಯುವ ಹೊತ್ತಿಗೆ ಮಾರ್ವೆಗೆ ಹೋಗುವ ಕೊನೆಯ ಫೆರ್ರಿ ಹೊರಟುಹೋಗಿತ್ತು. ಸಣ್ಣ ದೋಣಿಯವನೊಬ್ಬನನ್ನು ಎಬ್ಬಿಸಿ, ತಲೆಗೆ ಇಷ್ಟು ಎಂದು ಚೌಕಾಸಿ ಮಾಡಿ, ಒಂಬತ್ತು ಮಂದಿ ಕತ್ತಲಲ್ಲಿ ಖಾಡಿ ದಾಟಿದರಂತೆ. ದೋಣಿಯಲ್ಲಿ ದೀಪವಿಲ್ಲ, ಲೈಫ್ ಜಾಕೆಟ್ ಇಲ್ಲ. "ಐದೇ ನಿಮಿಷ ಅಂಕಲ್, ಆಚೆ ದಡ ಕಾಣುತ್ತಲೇ ಇರುತ್ತೆ" ಎಂದ ಒಬ್ಬ.

ನನಗೆ ನಗು ಬರಲಿಲ್ಲ. ನನ್ನ ತಂದೆ ಮಲ್ಪೆಯಿಂದ ಬಂದು ಸಸೂನ್ ಡಾಕಿನ ಮೀನುಗಾರಿಕಾ ದೋಣಿಗಳಲ್ಲಿ ದುಡಿದವರು. ರಾತ್ರಿ ಕಡಲಲ್ಲಿ ನಿಮಗೆ ಯಾವುದರ ಹೆದರಿಕೆ ಎಂದು ಚಿಕ್ಕಂದಿನಲ್ಲಿ ಕೇಳಿದ್ದೆ. ಅಲೆ, ಗಾಳಿ ಎನ್ನುತ್ತಾರೆ ಅಂದುಕೊಂಡಿದ್ದೆ. ಅವರು ಹೇಳಿದ್ದು ಬೇರೆ: "ನಮ್ಮನ್ನು ಕಾಣದೆ ಬರುವವನದು." ದಡ ನಿಮಗೆ ಕಾಣುತ್ತಿತ್ತು ಸರಿ, ದೀಪವಿಲ್ಲದ ದೋಣಿಯಲ್ಲಿ ಕುಳಿತ ನೀವು ಯಾರಿಗೆ ಕಾಣುತ್ತಿದ್ದಿರಿ?

2024ರ ಡಿಸೆಂಬರ್ 18 ನಿಮಗೆಲ್ಲ ನೆನಪಿರಬಹುದು. ಗೇಟ್‌ವೇಯಿಂದ ಘಾರಾಪುರಿಗೆ, ಅಂದರೆ ಎಲಿಫೆಂಟಾಗೆ, ನೂರಕ್ಕೂ ಹೆಚ್ಚು ಜನರನ್ನು ಹೊತ್ತು ಹೊರಟಿದ್ದ 'ನೀಲ್‌ಕಮಲ್' ಫೆರ್ರಿಗೆ ಎಂಜಿನ್ ಪರೀಕ್ಷೆಯಲ್ಲಿದ್ದ ನೌಕಾಪಡೆಯ ವೇಗದ ದೋಣಿ ಬಡಿಯಿತು. ಹದಿನೈದು ಜೀವಗಳು ಹೋದವು. ಆಗ ಸಂಜೆ ನಾಲ್ಕರ ಸುಮಾರು, ಬೆಳಕು ಚೆನ್ನಾಗಿತ್ತು. ನೀರಿನಲ್ಲಿ ಬಿದ್ದ ತಲೆಗಳು ಕಾಣುತ್ತಿದ್ದುದರಿಂದ ಬಂದರಿನ ಪೈಲಟ್ ದೋಣಿಯೂ ಆಸುಪಾಸಿನ ಬೇರೆ ದೋಣಿಗಳೂ ಓಡಿಬಂದು ಬಹಳ ಮಂದಿಯನ್ನು ಎಳೆದುಕೊಂಡವು. ಅದೇ ಘಟನೆ ರಾತ್ರಿ ಒಂಬತ್ತಕ್ಕೆ ನಡೆದಿದ್ದರೆ ಎಂದು ಯೋಚಿಸಿ.

ಕತ್ತಲಲ್ಲಿ ಏನಾಗುತ್ತದೆ ಎಂಬುದನ್ನು ಕೇರಳದ ತಾನೂರು ತೋರಿಸಿತು. 2023ರ ಮೇ 7ರಂದು ಸೂರ್ಯಾಸ್ತದ ನಂತರ, ಮಿತಿಗಿಂತ ಹೆಚ್ಚು ಜನರನ್ನು ತುಂಬಿಕೊಂಡು ವಿಹಾರಕ್ಕೆ ಹೊರಟ ದೋಣಿ ಮಗುಚಿ 22 ಮಂದಿ ಸತ್ತರು. ಹೆಚ್ಚಿನವರು ಮಕ್ಕಳು. ಅದೂ ದಡದಿಂದ ಬಹಳ ದೂರವೇನಲ್ಲ.

ಪಳಗಿದವರಿಗೂ ರಾತ್ರಿ ಕಡಲು ಸುಲಭವಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಏಳು ಮೀನುಗಾರರೊಂದಿಗೆ ನಡುರಾತ್ರಿ ಸಂಪರ್ಕ ಕಳೆದುಕೊಂಡಿತು. ಅದರ ಅವಶೇಷ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ, ನಮ್ಮ ಮಹಾರಾಷ್ಟ್ರದ ಮಾಲ್ವಣದ ಆಚೆ. ಅವರು ಕಡಲಿನ ಮಕ್ಕಳು. ನಾವು ಲೋಕಲ್ ಟ್ರೇನಿನ ಮಕ್ಕಳು!

ಈಗ ಸ್ವಲ್ಪ ದೀಪದ ಪಾಠ. ನಿಮ್ಮಲ್ಲಿ ಹೆಚ್ಚಿನವರು ಇಂಗ್ಲಿಷ್ ಶಾಲೆಯಲ್ಲಿ ಓದಿದವರು. ಆದರೂ ಇದನ್ನು ಅಲ್ಲಿ ಕಲಿಸಿರಲಾರರು. ಎಂಜಿನ್ ದೋಣಿ ಓಡುವಾಗ ಅದರ ಎಡಮಗ್ಗುಲಲ್ಲಿ ಕೆಂಪು, ಬಲಮಗ್ಗುಲಲ್ಲಿ ಹಸಿರು, ಹಿಂದೆ ಬಿಳಿ, ಕಂಬದ ಮೇಲೆ ಮುಂದಕ್ಕೆ ಕಾಣುವ ಇನ್ನೊಂದು ಬಿಳಿ ದೀಪ ಉರಿಯುತ್ತಿರಬೇಕು. ಇದು 1972ರ ಅಂತಾರಾಷ್ಟ್ರೀಯ ನಿಯಮ. ಕೆಂಪು ಮಾತ್ರ ಕಂಡರೆ ಆ ದೋಣಿ ನಿಮ್ಮ ಎಡಕ್ಕೆ ಸಾಗುತ್ತಿದೆ, ಹಸಿರು ಮಾತ್ರ ಕಂಡರೆ ಬಲಕ್ಕೆ. ಕೆಂಪು ಹಸಿರು ಎರಡೂ ಒಟ್ಟಿಗೆ ಕಂಡವೋ, ಅದು ನೇರ ನಿಮ್ಮ ಮೇಲೇ ಬರುತ್ತಿದೆ. ಕೂಡಲೇ ತಾಂಡೇಲನಿಗೆ ಕೂಗಿ ಹೇಳಿ. ಮರ್ಯಾದೆ ನೋಡುತ್ತಾ ಕೂರಬೇಡಿ. ಹುಟ್ಟು ಹಾಕುವ ಪುಟ್ಟ ದೋಣಿಯಾದರೂ ಕೈಯಲ್ಲಿ ಟಾರ್ಚು ಸಿದ್ಧವಿರಬೇಕು, ಎದುರಿನವನಿಗೆ ಸಾಕಷ್ಟು ಮೊದಲೇ ತೋರಿಸಬೇಕು ಎನ್ನುತ್ತದೆ ಅದೇ ನಿಯಮ.

ಮುಂಬಯಿಯ ತೊಂದರೆ ಏನೆಂದರೆ ನಮ್ಮ ದಡವೇ ದೀಪಾವಳಿ. ಕಟ್ಟಡಗಳ, ರಸ್ತೆಗಳ ಬೆಳಕಿನ ನಡುವೆ ಒಂದು ಸಣ್ಣ ಕೆಂಪು ದೀಪ ಕಲೆತುಹೋಗುತ್ತದೆ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಒಂದು ಸೆಲ್ಫಿಯ ಬೆಳಕು ಅದನ್ನೆಲ್ಲ ಒಮ್ಮೆಲೇ ಕೆಡಿಸುತ್ತದೆ. ನಿಮ್ಮ ಫೋಟೋಕ್ಕಾಗಿ ದೋಣಿ ನಡೆಸುವವನ ಕಣ್ಣು ಕುರುಡು ಮಾಡಬೇಡಿ. ಖಾಡಿಯೊಳಗೆ ಇನ್ನೊಂದು ಅಪಾಯವಿದೆ: ಕೋಳಿ ಬಂಧುಗಳು ಬಲೆ ಕಟ್ಟಲು ನೆಟ್ಟ ಕಂಬಗಳು. ಅವಕ್ಕೆ ದೀಪವಿರುವುದಿಲ್ಲ. ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸಿನಲ್ಲಿ ಭರತ ಇಳಿತ ಜೋರು. ಇಳಿತದ ಹೊತ್ತಿನಲ್ಲಿ ಬಿದ್ದವನನ್ನು ನೀರು ಕಡಲಿನತ್ತಲೇ ಎಳೆಯುತ್ತದೆ. ಕ್ಲಬ್ಬಿನ ಕೊಳದಲ್ಲಿ ಈಜು ಕಲಿತೆ ಎನ್ನುವ ಧೈರ್ಯ ಅಲ್ಲಿ ನಡೆಯದು.

ಹಾಗೆಂದು ರಾತ್ರಿ ದೋಣಿಯನ್ನೇ ಹತ್ತಬೇಡಿ ಎನ್ನಲಾರೆ. ಬೆಳದಿಂಗಳಲ್ಲಿ ನೀರಿನ ಮೇಲೆ ಹೋಗುವ ಸುಖ ನನಗೂ ಗೊತ್ತು. ಹತ್ತುವ ಮೊದಲು ಜಾಕೆಟ್ ಕೇಳಿ, ದಡದಲ್ಲೇ ತೊಟ್ಟು ಬಕಲ್ ಬಿಗಿಯಿರಿ. ತಲೆ ಕೆಳಗೆ ಇಟ್ಟುಕೊಂಡರೆ ಅದು ಬರೀ ದಿಂಬು. ಜಾಕೆಟ್ಟಿಗೊಂದು ಸೀಟಿ ಕಟ್ಟಿಕೊಳ್ಳಿ. ಕತ್ತಲಲ್ಲಿ ಕೂಗುವ ಗಂಟಲು ಬೇಗ ಸೋಲುತ್ತದೆ, ಸೀಟಿ ಸೋಲುವುದಿಲ್ಲ. ಎಷ್ಟು ಮಂದಿ, ಯಾವ ಧಕ್ಕೆಯಿಂದ, ಯಾವ ದೋಣಿ ಎಂದು ದಡದಲ್ಲಿರುವ ಒಬ್ಬರಿಗಾದರೂ ತಿಳಿಸಿ. ಡಾಲ್ಫಿನ್ ಕಂಡಿತೆಂದು ಎಲ್ಲರೂ ಒಂದೇ ಮಗ್ಗುಲಿಗೆ ನುಗ್ಗಬೇಡಿ. ಕುಡಿದಿದ್ದರೆ ಹತ್ತಲೇಬೇಡಿ, ಮೂತ್ರಕ್ಕೆಂದು ಅಂಚಿನಲ್ಲಿ ನಿಂತು ಕಡಲು ಸೇರಿದವರ ಕಥೆ ತಂದೆಯವರ ಬಾಯಲ್ಲಿ ಹಲವು ಕೇಳಿದ್ದೇನೆ. ದೋಣಿ ಮಗುಚಿದರೆ ದಡದ ದೀಪ ನೋಡಿ ಈಜಲು ಹೊರಡಬೇಡಿ, ರಾತ್ರಿ ದೀಪ ಇದ್ದುದಕ್ಕಿಂತ ಹತ್ತಿರ ಕಾಣುತ್ತದೆ. ತೇಲುವ ದೋಣಿಯನ್ನೇ ಹಿಡಿದು ಒಟ್ಟಿಗೆ ಇರಿ. ಫೋನು ಪ್ಲಾಸ್ಟಿಕ್ ಚೀಲದಲ್ಲಿರಲಿ. ಕರಾವಳಿ ಕಾವಲು ಪಡೆಯ ಸಂಖ್ಯೆ 1554.

ಇಷ್ಟೆಲ್ಲ ಹೇಳಿ ಮುಗಿಸುವಾಗ ಆ ಹುಡುಗ ಕೇಳಿದ: "ಎಲ್ಲ ಸರಿ ಅಂಕಲ್, ಕೊನೆ ಫೆರ್ರಿ ಹೋದ ಮೇಲೆ ಮನೆಗೆ ಬರೋದು ಹೇಗೆ?"

ಮನೋರಿ, ಗೊರಾಯಿಗಳು ದ್ವೀಪವೇನಲ್ಲ ಮಗಾ. ಉತ್ತನ್ ಮೇಲಾಗಿ ಭಾಯಂದರಿಗೆ ರಸ್ತೆ ಇದೆ. ಸುತ್ತು ಬಳಸು, ರಾತ್ರಿ ರಿಕ್ಷಾದವನು ಕೇಳುವ ಬಾಡಿಗೆಯೂ ಜೋರು. ಒಂಬತ್ತು ಮಂದಿ ಹಂಚಿಕೊಂಡರೆ ಕೊಡಬಹುದು. ಅದೂ ಆಗದಿದ್ದರೆ ಗೆಳೆಯನ ಮನೆಯ ಚಾಪೆಯ ಮೇಲೆ ಮಲಗಿ ಬೆಳಗಿನ ಮೊದಲ ಫೆರ್ರಿಗೆ ಬನ್ನಿ. ಅಮ್ಮನಿಗೆ ಫೋನು ಮಾಡಿ ಹೇಳಿ. ಬೈಯುತ್ತಾರೆ. ಬೈಸಿಕೊಳ್ಳಿ.